ಒಂದೇ ಏಟಿನ ಹೆಲ್ಮೆಟ್ಟು

ಅಲ್ಲಿ ಬೇಡ ಕಣೇ, ಆ ಸ್ಟೂಲಿನ ಒಂದು ಕಾಲು ಗಿಡ್ಡ. ಇಲ್ಲಿ ಬಾ, ಕಿಟಕಿ ಹತ್ತಿರ ಕೂತ್ಕೋ. ಎಲ್ರೂ ಊಟಕ್ಕೆ ಹೋಗಿದ್ದಾರೆ, ಇನ್ನು ಮುಕ್ಕಾಲು ಗಂಟೆ ಈ ರೂಮಿಗೆ ಯಾರೂ ಬರಲ್ಲ. ಚೀಲ ಕೆಳಗಿಡು... ಬೇಡ್ವಾ? ಮಡಿಲಲ್ಲೇ ಇಟ್ಕೋತೀಯಾ? ಸರಿ, ನಿನ್ನಿಷ್ಟ. ಒಳಗೇನಿದೆ ಅಂತ ನನಗೆ ಗೊತ್ತು. ಗೇಟಿನ ಹತ್ತಿರ ನಿನ್ನ ನೋಡಿದ ತಕ್ಷಣ ಗೊತ್ತಾಯ್ತು. ಹೆಲ್ಮೆಟ್ ಇಟ್ಟ ಚೀಲ ಬೇರೆ ಥರಾನೇ ಉಬ್ಬಿರುತ್ತೆ. ಇಪ್ಪತ್ತೆರಡು ವರ್ಷದಿಂದ ಅದನ್ನೇ ನೋಡ್ತಿದೀನಲ್ಲ.

ನೀರಾದ್ರೂ ಕುಡಿ. ಬಿಸಿಲಲ್ಲಿ ನಡ್ಕೊಂಡೇ ಬಂದ ಹಾಗಿದೆ, ಮುಖವೆಲ್ಲ ಕೆಂಪಗಾಗಿದೆ.

ಯಾಕೆ ನಗ್ತಿದೀಯ? ...ಓ, ಅದಾ. ಹೆಲ್ಮೆಟ್ ಟೆಸ್ಟಿಗೆ ಇಟ್ಟಿರೋ ಆ ಉಕ್ಕಿನ ತಲೆ. ಹೌದು, ಅದೇ. ನಿನ್ನ ಗಂಡ ಅದಕ್ಕೆ 'ಭಾವ' ಅಂತ ಹೆಸರಿಟ್ಟಿದ್ದ, ನಿನಗೂ ಹೇಳಿರ್ತಾನೆ. ಒಂದ್ಸಲ ನನ್ನ ಕನ್ನಡಕ ರಿಪೇರಿ ಮಾಡಿ ಕೊಡೋಕೆ ಅಂತ ಬಂದವನು ಸೀದಾ ಈ ರೂಮಿಗೇ ನುಗ್ಗಿ, ಆ ತಲೆ ಸುತ್ತ ಒಂದು ಸುತ್ತು ಹಾಕಿ, ಅಕ್ಕ ಮದುವೆ ಯಾಕೆ ಆಗಲಿಲ್ಲ ಅಂತ ಈಗ ಗೊತ್ತಾಯ್ತು, ಭಾವ ಇಲ್ಲೇ ಇದ್ದಾರೆ, ಎದುರು ಮಾತಿಲ್ಲ, ದಿನಕ್ಕೆ ನಲವತ್ತು ಸಲ ಎತ್ತಿ ಹಾಕಿದ್ರೂ ಮುಖ ಊದಿಸ್ಕೊಳ್ಳಲ್ಲ ಅಂದ. ಇಲ್ಲಿನ ಹುಡುಗಿಯರು ಹೊಟ್ಟೆ ಹಿಡ್ಕೊಂಡು ನಕ್ಕರು. ಆವತ್ತಿಂದ ಎಲ್ರೂ 'ಭಾವನ್ನ ಮೇಲಕ್ಕೆತ್ತಿ' ಅಂತಲೇ ಅನ್ನೋದು. ಈ ಎರಡು ತಿಂಗಳಿಂದ ಮಾತ್ರ ನನ್ನ ಎದುರಿಗೆ ಅನ್ನಲ್ಲ.

ನಿನ್ನ ನಗುನೂ ಆಗ್ಲೇ ಹೋಯ್ತು.

ಗೇಟಿನ ಹತ್ತಿರ ನೀನು ಕೇಳಿದ್ದು ಒಂದೇ ಮಾತು. ಅತ್ತಿಗೆ, ಅಷ್ಟು ಮೆತ್ತಗೆ ಬಿದ್ದವರು ಸಾಯ್ತಾರಾ ಅಂತ. ಮನೆಗೆ ಬಂದವರೆಲ್ಲ ಹಣೆಬರಹ ಅಂದ್ರು, ನಾನೂ ತಲೆ ಆಡಿಸ್ದೆ. ನೀನೊಬ್ಬಳು ಆಡಿಸ್ಲಿಲ್ಲ. ಗೋಡೆಗೆ ಒರಗಿ ಕೂತು ನನ್ನನ್ನೇ ನೋಡ್ತಿದ್ದೆ. ಇರಲಿ. ಕೇಳೋಕೆ ಅಂತಲೇ ಬಂದಿದ್ದೀಯ, ನನಗೆ ತಿಳಿದಿದ್ದನ್ನ ಹೇಳ್ತೀನಿ.

ಈ ಕಂಬ ನೋಡು. ಉಕ್ಕಿನ ತಲೆಗೆ ಹೆಲ್ಮೆಟ್ ಹಾಕಿ, ಪಟ್ಟಿ ಬಿಗಿದು, ಇದರ ತುದಿವರೆಗೂ ಎಳೀತೀವಿ. ಎರಡೂ ಮುಕ್ಕಾಲು ಮೀಟರು. ಈ ಬಟನ್ ಒತ್ತಿದ್ರೆ ಕೊಕ್ಕೆ ಬಿಡುತ್ತೆ, ತಲೆ ಬೀಳುತ್ತೆ. ಕೆಳಗೆ ಇರೋದು ಅಡಿಗಲ್ಲು, ಗಟ್ಟಿ ಉಕ್ಕು. ಮೇಲಿಂದ ಕೆಳಗೆ ಬರೋಕೆ ಸೆಕೆಂಡಿನ ಮುಕ್ಕಾಲು ಪಾಲು. ಕಣ್ಣು ಮಿಟುಕಿಸಿದ್ರೆ ತಪ್ಪಿಹೋಗುತ್ತೆ. ನಾನು ಸೇರಿದಾಗ ಇಲ್ಲೊಬ್ಬ ಮುದುಕ ಇಂಜಿನಿಯರ್ ಇದ್ರು. ಅವರು ಹೇಳೋರು, ಬೀಳೋ ವಸ್ತುನ ಹಿಡಿದಿರೋದು ಎರಡೇ ಕೈ ಕಣಮ್ಮ. ಒಂದು ಭೂಮಿದು, ಕೆಳಕ್ಕೆ ಎಳೆಯುತ್ತೆ. ಇನ್ನೊಂದು ಗಾಳಿದು, ಮೇಲಕ್ಕೆ ತಳ್ಳುತ್ತೆ. ಮಳೆ ಹನಿ ಅಷ್ಟು ಮೇಲಿಂದ ಬಿದ್ರೂ ನಮ್ಮ ತಲೆ ಒಡೆಯಲ್ಲ ಯಾಕೆ? ಬರ್ತಾ ಬರ್ತಾ ಗಾಳಿ ತಳ್ಳೋದು ಜಾಸ್ತಿ ಆಗಿ ಭೂಮಿ ಎಳೆಯೋದಕ್ಕೆ ಸಮ ಆಗಿಬಿಡುತ್ತೆ, ಆಮೇಲೆ ವೇಗ ಏರಲ್ಲ. ಆದ್ರೆ ಮನುಷ್ಯ ನಿಂತ ಎತ್ತರದಿಂದ ಬೀಳ್ತಾನಲ್ಲ, ಅಷ್ಟರಲ್ಲಿ ಗಾಳಿಗೆ ಕೈ ಹಾಕೋಕೂ ಪುರಸೊತ್ತು ಸಿಗಲ್ಲ. ಭಾರದ ತಲೆ ಆಗ್ಲಿ, ಹಗುರದ ತಲೆ ಆಗ್ಲಿ, ಒಂದೇ ಸಮ ಬರುತ್ತೆ. ಅಲ್ಲಿವರೆಗೂ ಯಾರಿಗೂ ಏನೂ ಆಗಿರಲ್ಲ. ಆಮೇಲೆ ನೆಲ ಬರುತ್ತೆ, ಅದು ಅಷ್ಟೂ ವೇಗನ ಒಂದೇ ಸಲಕ್ಕೆ ವಾಪಸ್ ಕೇಳುತ್ತೆ. ಆ ಕೇಳೋ ಹೊತ್ತನ್ನ ಚೂರೇ ಚೂರು ಲಂಬಿಸೋದು, ನಮ್ಮ ಕಸುಬು ಇಷ್ಟೇ ಅನ್ನೋರು.

ಲಂಬಿಸೋದು ಯಾವುದು ಗೊತ್ತಾ? ಮೇಲಿನ ಚಿಪ್ಪಲ್ಲ. ಚಿಪ್ಪು ಬರೀ ಚಂದಕ್ಕೆ ಅಂತಲೇ ಇಟ್ಕೋ. ಕೆಲಸ ಮಾಡೋದು ಒಳಗಿನ ಥರ್ಮಾಕೋಲ್. ಟಿವಿ ಡಬ್ಬದಲ್ಲಿ ಬರುತ್ತಲ್ಲ, ಅದರದ್ದೇ ಗಟ್ಟಿ ಜಾತಿ. ತಲೆ ಅದರೊಳಕ್ಕೆ ಇಳಿಯುತ್ತೆ, ಅದು ಅಪ್ಪಚ್ಚಿ ಆಗ್ತಾ ಆಗ್ತಾ ತಲೆನ ನಿಲ್ಲಿಸುತ್ತೆ.

ಒಂದು ಹಾಕಿ ತೋರಿಸ್ಲಾ? ಇದು ಹೊಸದು, ಇವತ್ತಿನ ಲಾಟಿಂದು. ಕಿವಿ ಮುಚ್ಕೋ.

...ಬೆಚ್ಚಿಬಿದ್ಯಾ? ಹೊಸಬರೆಲ್ಲ ಹಾಗೇ. ಮೆಷಿನ್ ಪರದೆ ನೋಡು, ಎಷ್ಟು ಬಂತು? ನೂರ ಎಂಬತ್ತನಾಲ್ಕು. ಅಂದ್ರೆ ತನ್ನ ತೂಕದ ನೂರ ಎಂಬತ್ತನಾಲ್ಕು ಪಟ್ಟು ಒತ್ತಡ ಆ ತಲೆ ಮೇಲೆ ಬಿತ್ತು ಅಂತ. ಕೇಳೋಕೆ ಭಯ ಆಗುತ್ತೆ, ಆದ್ರೆ ಮನುಷ್ಯ ತಡ್ಕೋತಾನೆ. ಮುನ್ನೂರು ದಾಟಬಾರದು. ದಾಟಿದ್ರೆ ಇಡೀ ಲಾಟು ವಾಪಸ್. ನಾನು ಎಷ್ಟೋ ಲಾಟು ವಾಪಸ್ ಮಾಡಿದ್ದೀನಿ, ಮ್ಯಾನೇಜರ್ ಎದುರು ನಿಂತು ಜಗಳ ಆಡಿದ್ದೀನಿ. ಈ ಫ್ಯಾಕ್ಟರಿಯಲ್ಲಿ ನನ್ನ ಕೈ ದಾಟಿ ಹೋದ ಹೆಲ್ಮೆಟ್ ಯಾರ ತಲೆಗೂ ಮೋಸ ಮಾಡಿಲ್ಲ ಅಂತ ಎಲ್ಲರ ಹತ್ತಿರ ಹೇಳ್ಕೊಂಡು ತಿರುಗ್ತಿದ್ದೆ.

ಹಾಗೆ ನೋಡ್ಬೇಡ. ಬಂದೆ, ವಿಷಯಕ್ಕೇ ಬಂದೆ.

ಅಮ್ಮ ಹೋದಾಗ ಅವನಿಗೆ ಆರು, ನನಗೆ ಹದಿನೇಳು. ಅಪ್ಪ ಲಾರಿ ಓಡಿಸ್ತಿದ್ರು, ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿದ್ರೆ ಹೆಚ್ಚು. ಅವನಿಗೆ ಸ್ನಾನ, ಊಟ, ಪಾಠ, ಜ್ವರ, ಎಲ್ಲಾ ನಾನೇ. ಹನ್ನೆರಡಕ್ಕೇ ನನ್ನ ಮೀರಿ ಬೆಳೆದ. ಬಾಗಿಲು ದಾಟುವಾಗೆಲ್ಲ ಹಣೆ ಬಡಿಸ್ಕೊಳ್ಳೋನು, ನಾನು ಬಾಗಿಲಿಗೆ ಬೈದು ಅವನ ಹಣೆ ಉಜ್ಜಬೇಕು. ಅವನು ಕೆಲಸಕ್ಕಿದ್ದ ಕನ್ನಡಕದ ಅಂಗಡಿಯವರು ಅವನಿಗೆ 'ಏಣಿ' ಅಂತ ಹೆಸರಿಟ್ಟಿದ್ದು ನಿನಗೆ ಗೊತ್ತಲ್ಲ, ಅಟ್ಟದ ಮೇಲಿನ ಡಬ್ಬ ಇಳಿಸೋಕೆ ಅವನಿಗೆ ಸ್ಟೂಲ್ ಬೇಕಿರ್ಲಿಲ್ಲ. ಅಷ್ಟುದ್ದದ ಆಳು ಕೂತ್ಕೊಂಡು ಉಗುರಿನಷ್ಟು ಗಾಜು ತಿಕ್ಕೋದು ನೋಡಿದ್ರೆ ನಗು ಬರೋದು. ಬೆರಳು ಮಾತ್ರ ಅಷ್ಟು ಸೂಕ್ಷ್ಮ. ಗಾಜನ್ನ ಎರಡು ಬೆರಳಲ್ಲಿ ಹಿಡಿದು ಎಲ್ಲಿ ದಪ್ಪ, ಎಲ್ಲಿ ತೆಳು ಅಂತ ಕಣ್ಣು ಮುಚ್ಚಿ ಹೇಳೋನು. ಅಂಗಡಿಗೆ ಬರೋಕಾಗದ ಮುದುಕರ ಮನೆಗೆ ತಾನೇ ಹೋಗಿ, ಕಿವಿ ಹಿಂದೆ ಕಡ್ಡಿ ಬಗ್ಗಿಸಿ, ಪೇಪರ್ ಓದಿಸಿ ನೋಡಿ ಬರೋನು. ಅದು ಅವನ ಕೆಲಸ ಅಲ್ಲ, ಯಾರೂ ಹೇಳಿದ್ದೂ ಅಲ್ಲ.

ಹೋದ ವರ್ಷ ಅವನ ಹಳೇ ಹೆಲ್ಮೆಟ್ಟಿನ ಬಕಲ್ ಮುರಿದಿತ್ತು, ನೆನಪಿದೆಯಾ? ದಾರ ಕಟ್ಕೊಂಡು ಓಡಾಡ್ತಿದ್ದ. ಅಂಗಡಿಯಲ್ಲಿ ಅವನ ತಲೆ ಸೈಜು ಸಿಗ್ತಿರ್ಲಿಲ್ಲ. ನನಗೆ ಎಷ್ಟು ಅವಮಾನ ಆಗಿರ್ಬೇಕು ಹೇಳು. ಅಕ್ಕ ಹೆಲ್ಮೆಟ್ ಫ್ಯಾಕ್ಟರಿಯಲ್ಲಿ ಟೆಸ್ಟಿಂಗಿನವಳು, ತಮ್ಮನ ಗಲ್ಲದ ಕೆಳಗೆ ಗೋಣಿ ದಾರ. ಅದಕ್ಕೇ ಆ ನೀಲಿದನ್ನ ತಂದುಕೊಟ್ಟೆ. ವರ್ಷಕ್ಕೊಂದು ಕೊಡ್ತಾರೆ ನಮಗೆ, ಕೆಲಸದವರಿಗೆ ಅಂತ. ಹಾಕ್ಕೊಂಡು ಕನ್ನಡಿ ಮುಂದೆ ನಿಂತು, ಇದರಲ್ಲಿ ನಾನು ಇನ್ನೂ ಎರಡಿಂಚು ಉದ್ದ ಕಾಣ್ತೀನಲ್ಲ ಅಕ್ಕ ಅಂದ. ನೀನು ಹಿಂದಿನಿಂದ, ಮನೆ ಸೂರು ಎತ್ತರಿಸಬೇಕು ಇನ್ನು ಅಂದೆ.

ಆಮೇಲೆ ಆ ದಿನ. ನಿನಗೆ ಗೊತ್ತಿರೋದೇ, ಆದ್ರೂ ಹೇಳ್ತೀನಿ. ಅಲ್ಲೇ ಎದುರಿಗಿದ್ದು ಕಣ್ಣಾರೆ ನೋಡಿದ ಪಂಕ್ಚರ್ ಅಂಗಡಿಯವನ ಹತ್ತಿರ ನಾನು ಮೂರು ಸಲ ಹೋಗಿ ಕೇಳ್ಕೊಂಡು ಬಂದಿದ್ದೀನಿ. ನಾಲ್ಕು ಕನ್ನಡಕ ತಲುಪಿಸೋದಿತ್ತು. ದೊಡ್ಡ ರಸ್ತೆ ಬಿಟ್ಟು ಎಡಕ್ಕೆ ತಿರುಗುವಲ್ಲಿ ಹೊಸ ಮನೆ ಕಟ್ಟಿಸ್ತಿದ್ದಾರಲ್ಲ, ಅಲ್ಲಿ ಮರಳು ರಸ್ತೆವರೆಗೂ ಚೆಲ್ಲಿತ್ತು. ಇವನು ನೋಡ್ದ, ಸ್ಕೂಟರ್ ನಿಧಾನ ಮಾಡ್ದ, ಒಂದು ಕಾಲೂ ಕೆಳಗೆ ಕೊಟ್ಟ. ಮುಂದಿನ ಚಕ್ರ ಜಾರಿತು. ಪಂಕ್ಚರ್ ಅಂಗಡಿಯವನು ಹೇಳ್ದ, ನಡ್ಕೊಂಡು ಹೋಗೋರು ಇದಕ್ಕಿಂತ ಜೋರಾಗಿ ಹೋಗ್ತಾರಮ್ಮ, ಮರ ಬಿದ್ದ ಹಾಗೆ ಉದ್ದಕ್ಕೆ ಎಡಗಡೆ ಒರಗಿದ್ರು, ತಲೆ ಹೋಗಿ ರಸ್ತೆ ಅಂಚಿನ ಕಲ್ಲಿಗೆ ತಾಗಿತು ಅಂತ.

ತಾನೇ ಎದ್ದ. ಸ್ಕೂಟರ್ ಎತ್ತಿ ನಿಲ್ಲಿಸ್ದ. ಹೆಲ್ಮೆಟ್ ತೆಗೆದು ಕನ್ನಡಿಗೆ ನೇತುಹಾಕಿ, ಮೊದಲು ಮಾಡಿದ್ದು ಸೀಟಿನ ಕೆಳಗಿನ ಡಬ್ಬ ತೆಗೆದಿದ್ದು. ನಾಲ್ಕೂ ಕನ್ನಡಕ ಒಂದೊಂದಾಗಿ ಬಿಸಿಲಿಗೆ ಹಿಡಿದು ನೋಡಿದ್ನಂತೆ. ಒಂದಕ್ಕೂ ಏನಾಗಿರ್ಲಿಲ್ಲ. ಅವನೇ ಹತ್ತಿ ಸುತ್ತಿ ಇಟ್ಟಿದ್ದು. ಬದುಕ್ಕೊಂಡೆ ಅಂತ ನಕ್ಕ. ಆಮೇಲೆ ನಿನಗೆ ಫೋನ್ ಮಾಡ್ದ, ಸ್ವಲ್ಪ ಬಿದ್ದೆ, ಏನಾಗಿಲ್ಲ, ಊಟಕ್ಕೆ ಬರ್ತೀನಿ ಅಂತ. ಒಂದು ಟೈರ್ ಮೇಲೆ ಕೂತು ನೀರು ಕುಡಿದ. ಬಿಸಿಲು ಕಣ್ಣಿಗೆ ಚುಚ್ಚುತ್ತೆ ಅಂದ. ಗೋಡೆಗೆ ಒರಗಿ ನಿದ್ದೆ ಹೋದ. ಪಾಪ ಸುಸ್ತಾಗಿದೆ, ಮಲಗ್ಲಿ ಅಂತ ಪಂಕ್ಚರ್ ಅಂಗಡಿಯವನು ನೆರಳಿಗೆ ಒಂದು ಗೋಣಿ ಕಟ್ಟಿದ್ನಂತೆ. ಅರ್ಧ ಗಂಟೆ ಬಿಟ್ಟು ಅಲ್ಲಾಡಿಸಿದ್ರೆ ಏಳಲಿಲ್ಲ.

ಅಳು ಬಂದ್ರೆ ಅತ್ತುಬಿಡು ಕಣೇ. ...ಇಲ್ವಾ.

ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದ್ದು ನೀನೂ ಕೇಳಿಸ್ಕೊಂಡೆ. ಎಡಗಿವಿ ಮೇಲೆ ಮೂಳೆ ಬಿರುಕು ಬಿಟ್ಟಿದೆ, ಒಳಗೆ ರಕ್ತನಾಳ ಹರಿದು ಮೆಲ್ಲಗೆ ತುಂಬಿಕೊಂಡಿದೆ ಅಂತ. ಹೆಲ್ಮೆಟ್ ಹಾಕಿದ್ರಾ ಅಂದ್ರು. ನೀನು ಹೌದು ಅಂತ ಅದನ್ನ ಅವರ ಕೈಗೇ ಕೊಟ್ಟೆ. ತಿರುಗಿಸಿ ನೋಡಿದ್ರು. ಹೊರಗೆ ಒಂದು ಗೀರು, ಅಷ್ಟೇ. ಆಶ್ಚರ್ಯ ಅಂದ್ರು. ಆ ಒಂದು ಮಾತು ನಿನ್ನ ತಲೆಯಲ್ಲಿ ಕೂತುಬಿಟ್ಟಿದೆ, ನನಗೆ ಗೊತ್ತಿಲ್ವಾ.

ನೋಡು, ಆಗುತ್ತೆ ಹೀಗೆ. ಹೆಲ್ಮೆಟ್ ಅಂದ್ರೆ ಕೋಟೆ ಅಲ್ಲ. ರಸ್ತೆ ಕಲ್ಲಿಗೆ ಅಂಚು ಇರುತ್ತೆ, ಸಪಾಟು ನೆಲಕ್ಕೆ ಬೀಳೋದೇ ಬೇರೆ, ಅಂಚಿಗೆ ಬೀಳೋದೇ ಬೇರೆ. ಏಟು ಒಂದೇ ಜಾಗಕ್ಕೆ ಕಚ್ಚುತ್ತೆ. ಅದಕ್ಕೇ... ಏನು? ಕಲ್ಲು ನೋಡಿದ್ಯಾ? ನೀನೇ ಹೋಗಿದ್ಯಾ? ...ದುಂಡಗಿದೆಯಾ? ಚಕ್ರ ಹತ್ತಿ ಹತ್ತಿ ಸವೆದುಹೋಗಿರ್ಬೇಕು. ಹೂಂ. ನಾನೂ ನೋಡ್ದೆ. ದುಂಡಗೇ ಇದೆ.

ಆದ್ರೆ ಪಟ್ಟಿ. ಪಟ್ಟಿ ಸಡಿಲ ಇದ್ರೆ ಬೀಳುವಾಗ ಹೆಲ್ಮೆಟ್ ಅರ್ಧ ಜಾರಿರುತ್ತೆ. ಎಷ್ಟೋ ಜನ ಪೋಲೀಸರಿಗೆ ಅಂತ ಸುಮ್ನೆ ಸಿಗಿಸ್ಕೊಂಡಿರ್ತಾರೆ. ...ತಲೆ ಅಲ್ಲಾಡಿಸ್ಬೇಡ, ನನಗೂ ಗೊತ್ತು ಅವನು ಹಾಗಲ್ಲ ಅಂತ. ಗಲ್ಲ ಮೇಲೆತ್ತಿ ಎರಡೂ ಕೈಯಲ್ಲಿ ಬಕಲ್ ಬಿಚ್ಚಿದ ಅಂತ ಆ ಪಂಕ್ಚರ್ ಅಂಗಡಿಯವನೇ ಹೇಳಿದ್ದಾನೆ. ಹಾಗಾದ್ರೆ ಬಿಸಿಲು ಇರ್ಬೇಕು. ದಿನಾ ಬಿಸಿಲಲ್ಲಿ ಇಟ್ರೆ ಥರ್ಮಾಕೋಲ್ ಸಾಯುತ್ತೆ, ಪುಡಿ ಪುಡಿ ಆಗುತ್ತೆ... ಮನೆ ಒಳಗೆ ಮೊಳೆಗೇ ನೇತುಹಾಕ್ತಿದ್ದ. ಅಂಗಡಿಯಲ್ಲೂ ಒಳಗೇ. ಹೌದು. ಹೌದು, ಹನ್ನೊಂದು ತಿಂಗಳಿಗೆಲ್ಲ ಏನೂ ಸಾಯಲ್ಲ.

ಇರು. ಅದನ್ನ ತೆಗೀಬೇಡ. ಚೀಲದಲ್ಲೇ ಇರಲಿ, ನನಗೆ ನೋಡೋಕಾಗಲ್ಲ...

ತೆಗೆದೇಬಿಟ್ಯಾ.

ಒಳಗಿನ ಬಟ್ಟೆ ಎಲ್ಲಿ? ಬಿಚ್ಚಿದ್ಯಾ? ...ಒಗೆಯೋಕೆ ಅಂತ ಬಿಚ್ಚಿದ್ಯಾ. ನೀನು ಹೊಲಿಗೆಯವಳು, ನಿನಗೇನು ಕಷ್ಟ. ಒಂದು ದಾರ ಹರೀದೆ ಬಿಚ್ಚಿರ್ತೀಯ. ಹೂಂ, ಅದೇ. ಆ ತಗ್ಗು. ಎಡಗಡೆ, ಕಿವಿ ಮೇಲೆ. ಅಲ್ಲೇ ಅವನ ತಲೆ ಕೂತಿದ್ದು. ಬೆರಳು ಇಟ್ಟು ನೋಡು, ಥರ್ಮಾಕೋಲ್ ತನ್ನ ಕೈಲಾದಷ್ಟು ಮಾಡಿದೆ, ನಾನು ಹೇಳಿದ್ನಲ್ಲ, ಅದು ಅಪ್ಪಚ್ಚಿ ಆಗಿ...

ಅಲ್ಲಿ ಯಾಕೆ ಕೈ ಇಡ್ತೀಯ? ಅದು ಹಿಂದುಗಡೆ. ಅದಕ್ಕೂ ಇದಕ್ಕೂ ಏನು ಸಂಬಂಧ, ಅವನು ಬಿದ್ದಿದ್ದು ಎಡಗಡೆಗೆ.

ಕೈ ತೆಗಿ ಕಣೇ ಅಲ್ಲಿಂದ.

ತೆಗಿ ಅಂದೆ.

...ಹೌದು. ಹಿಂದುಗಡೆನೂ ತಗ್ಗಿದೆ. ದುಂಡಗೆ, ಅಂಗೈ ಅಗಲ, ಸಪಾಟಾಗಿ. ರಸ್ತೆ ಕಲ್ಲಿಂದ ಅಂಥ ತಗ್ಗು ಆಗಲ್ಲ. ಆ ಅಡಿಗಲ್ಲು ಇದೆಯಲ್ಲ, ನಿನ್ನ ಕಾಲ ಹತ್ತಿರ, ಅದರ ಮೇಲೆ ಬಿದ್ರೆ ಮಾತ್ರ ಆಗುತ್ತೆ. ಪಕ್ಕದಲ್ಲಿ ನೀಲಿ ಪೆನ್ಸಿಲ್ಲಿನ ಎರಡು ಗೀಟು ನೋಡಿದ್ಯಾ? ಅದು ನನ್ನ ಕೈ ಗುರುತು. ಎರಡು ಏಟು ಆಗಿದೆ ಅಂತ ಅರ್ಥ.

ಕೂತ್ಕೋ. ಎದ್ದು ಹೋಗ್ಬೇಡ. ...ನೀನು ಎದ್ದೇ ಇಲ್ಲ. ನಾನೇ ಎದ್ದು ನಿಂತಿದ್ದೀನಿ.

ವರ್ಷಕ್ಕೊಂದು ಹೆಲ್ಮೆಟ್ ಕೊಡ್ತಾರೆ ಅಂದಿದ್ದು ಸುಳ್ಳು. ಯಾವತ್ತೂ ಕೊಟ್ಟಿಲ್ಲ. ಇಲ್ಲಿ ಒಂದೊಂದು ಹೆಲ್ಮೆಟ್ಟಿಗೂ ನಾಲ್ಕು ಏಟು. ಹಿಂದೆ, ಎಡಕ್ಕೆ, ಬಲಕ್ಕೆ, ಮುಂದೆ. ಟೆಸ್ಟ್ ಆದದ್ದನ್ನ ಯಾರೂ ತಲೆಗೆ ಹಾಕೋಬಾರದು, ಅದು ಈ ರೂಮಿನ ಮೊದಲನೇ ಪಾಠ. ಹೊರಗೆ ಎಷ್ಟೇ ಹೊಸದಾಗಿ ಕಂಡ್ರೂ ಒಳಗೆ ಮುಗಿದಿರುತ್ತೆ. ಥರ್ಮಾಕೋಲ್ ಒಂದು ಜಾಗದಲ್ಲಿ ಒಂದೇ ಏಟು ತಿನ್ನೋದು, ಮತ್ತೆ ಉಬ್ಬಲ್ಲ. ಅದಕ್ಕೇ ಪ್ರತಿ ಶನಿವಾರ ಎಲ್ಲಾನೂ ಗರಗಸದಲ್ಲಿ ಎರಡು ಹೋಳು ಮಾಡಿ ಎಸೀತೀವಿ. ಹೊಸದಾಗಿ ಸೇರಿದವರಿಗೆ ಇದನ್ನ ಹೇಳಿಕೊಡೋಳು ನಾನೇ. ಹೋಳು ಮಾಡೋದು ಯಾಕೆ ಗೊತ್ತಾ, ಯಾರಾದ್ರೂ ಆಸೆಗೆ ಬಿದ್ದು ಮನೆಗೆ ತಗೊಂಡು ಹೋಗಬಾರದು ಅಂತ. ಹಾಗಂತ ನಾನೇ ಹೇಳೋದು.

ಆ ನೀಲಿದಕ್ಕೆ ಎರಡೇ ಏಟು ಬಿದ್ದಿತ್ತು. ಹಿಂದೆ, ಎಡಕ್ಕೆ. ಅಷ್ಟರಲ್ಲಿ ಕರೆಂಟ್ ಹೋಯ್ತು, ಆವತ್ತೆಲ್ಲ ಬರಲೇ ಇಲ್ಲ. ಮಾರನೇ ದಿನ ಅದೇ ಲಾಟಿಂದ ಬೇರೆ ತಗೊಂಡು ಮೊದಲಿಂದ ಶುರು ಮಾಡಿ ಅಂದ್ರು. ಇದು ಮೇಜಿನ ಮೇಲೇ ಉಳೀತು. ದೊಡ್ಡ ಸೈಜು. ಅವನ ಸೈಜು. ದೂರದ ಯಾವುದೋ ಆರ್ಡರಿಗೆ ಅಂತ ಆ ಒಂದು ಲಾಟು ಮಾತ್ರ ಆ ಸೈಜಲ್ಲಿ ಮಾಡಿದ್ದು. ಒಂದು ಕೊಡಿ ಅಂತ ಸ್ಟೋರಿನವರನ್ನ ಕೇಳ್ದೆ ಕಣೇ, ಎರಡು ಸಲ ಕೇಳ್ದೆ. ಎಲ್ಲಾ ಎಣಿಸಿ ಕಳಿಸೋದು, ಆಗಲ್ಲ ಅಂದ್ರು. ಶನಿವಾರ ಗರಗಸದ ಹತ್ತಿರ ನಿಂತೆ. ಮಿಕ್ಕಿದ್ದೆಲ್ಲ ಕೊಯ್ದೆ. ಇದನ್ನ ಕೈಯಲ್ಲಿ ಹಿಡ್ಕೊಂಡೇ ಇದ್ದೆ. ಎಷ್ಟು ಚೆನ್ನಾಗಿತ್ತು ಅಂದ್ರೆ... ಒಂದು ಗೀರೂ ಇಲ್ಲ. ಅವನ ಗಲ್ಲದ ಕೆಳಗಿನ ದಾರ ಕಣ್ಣ ಮುಂದೆ ಬಂತು. ಎರಡೇ ಏಟಲ್ವಾ, ಬಲಗಡೆ ಇದೆ, ಮುಂದೆ ಇದೆ, ನೆತ್ತಿ ಇದೆ. ಬಿದ್ರೂ ಸರಿಯಾಗಿ ಅದೇ ಜಾಗಕ್ಕೆ ಯಾಕೆ ಬೀಳ್ತಾನೆ ಅಂದ್ಕೊಂಡೆ. ಇದನ್ನೂ ಕೊಯ್ದಾಯ್ತು ಅಂತ ರಿಜಿಸ್ಟರಲ್ಲಿ ಬರೆದು, ಟಿಫನ್ ಬುಟ್ಟಿ ಅಡಿಗೆ ಹಾಕ್ಕೊಂಡು ಗೇಟ್ ದಾಟಿದೆ. ರಸ್ತೆಯಲ್ಲಿ ಅಂಚಿನ ಕಲ್ಲು ಇರೋದೇ ಎಡಗಡೆ ಅಂತ ನನಗೆ ಹೊಳೀಲಿಲ್ಲ...

ಹೊಳೀತು. ಸುಳ್ಳು ಎಷ್ಟು ಅಂತ ಹೇಳ್ಲಿ. ಬಸ್ಸಲ್ಲಿ ಕಿಟಕಿ ಪಕ್ಕ ಕೂತಿದ್ದೆ, ಆ ಕಲ್ಲುಗಳು ಸಾಲಾಗಿ ಓಡ್ತಿದ್ದವು. ಹೊಳೀತು. ಮುಖ ತಿರುಗಿಸ್ಕೊಂಡೆ.

ಏನಾದ್ರೂ ಅನ್ನು. ಬೈ. ಕೈ ಎತ್ತು, ನಾನು ತಪ್ಪಿಸ್ಕೊಳ್ಳಲ್ಲ. ಯಾರ ಹತ್ತಿರ ಬೇಕಾದ್ರೂ ಕರ್ಕೊಂಡು ಹೋಗು, ಇದೇ ಮಾತು ಹೇಳ್ತೀನಿ, ಬರೆದು ಸೈನ್ ಹಾಕ್ತೀನಿ.

ಇನ್ನೂ ಒಂದು ಇದೆ. ಅದನ್ನೂ ಹೇಳಿಬಿಡ್ತೀನಿ. ಅವನು ಹೋಗಿ ಎಂಟನೇ ದಿನ ನಾನು ಕೆಲಸಕ್ಕೆ ಬಂದೆ, ಎಲ್ರೂ ಯಾಕೆ ಬಂದ್ರಿ ಅಂದ್ರು. ಊಟದ ಹೊತ್ತಿಗೆ ಕಾದಿದ್ದು ಬಾಗಿಲು ಹಾಕ್ಕೊಂಡೆ. ಅವನ ಎತ್ತರ ನನಗೆ ಬಾಯಿಪಾಠ. ಸ್ಕೂಟರ್ ಮೇಲೆ ಕೂತು ಕಾಲು ಕೊಟ್ಟಾಗ ತಲೆ ಎಲ್ಲಿರುತ್ತೆ ಅಂತ ಅಳೆದು, ಕೊಕ್ಕೆನ ಅಲ್ಲಿಗೆ ಇಳಿಸಿದೆ. ಒಂದೂವರೆ ಮೀಟರಿಗಿಂತ ಒಂದು ಗೇಣು ಕೂಡ ಜಾಸ್ತಿ ಇಲ್ಲ. ಅಂಥದ್ದೇ ಹೆಲ್ಮೆಟ್, ಹೊಸದು, ಒಂದೂ ಏಟು ತಿನ್ನದೇ ಇರೋದು, ಹಾಕಿ ಎಡಗಡೆಗೆ ಬೀಳಿಸಿದೆ. ನೂರ ಹನ್ನೆರಡು ಬಂತು. ನೂರ ಹನ್ನೆರಡು ಅಂದ್ರೆ ಏನು ಗೊತ್ತಾ? ತಲೆನೋವು ಕಣೇ. ಒಂದು ಮಾತ್ರೆ ನುಂಗಿ ಮಲಗಿದ್ರೆ ಬೆಳಗ್ಗೆ ಹೊತ್ತಿಗೆ ಹೋಗುತ್ತೆ. ಊಟಕ್ಕೆ ಬರ್ತೀನಿ ಅಂದಿದ್ನಲ್ಲ, ಬಂದಿರೋನು. ಆಮೇಲೆ ಮೊದಲೇ ಏಟು ತಿಂದಿದ್ದನ್ನ ಹಾಕಿ, ಅದೇ ಎತ್ತರದಿಂದ, ಅದೇ ತಗ್ಗಿನ ಮೇಲೆ ಬೀಳಿಸಿದೆ. ನಾನೂರ ಮೂವತ್ತು. ಮೂರು ಸಲ ಮಾಡ್ದೆ, ಬೇರೆ ಬೇರೆ ಹೆಲ್ಮೆಟ್ ಹಾಕಿ. ನಾನೂರರ ಕೆಳಗೆ ಒಂದ್ಸಲನೂ ಬರಲಿಲ್ಲ. ಮೆಷಿನ್ ಕೆಟ್ಟಿದೆಯಾ ಅಂತ ನೋಡ್ದೆ. ಕೆಟ್ಟಿರ್ಲಿಲ್ಲ.

ಅಷ್ಟೇ. ಇನ್ನೇನೂ ಇಲ್ಲ. ನೀನು ಕೇಳಿದ್ದಕ್ಕೆ ಉತ್ತರ ಇಷ್ಟೇ.

ಒಂದು ಸಮಾಧಾನ ಇಟ್ಕೋ. ಅವನಿಗೆ ಇದು ಗೊತ್ತಿರ್ಲಿಲ್ಲ. ಅಕ್ಕ ಕೊಟ್ಟಿದ್ದು ಅಂತ ಖುಷಿಯಾಗಿ ಹಾಕ್ಕೊಂಡು ತಿರುಗ್ದ. ಬದಲಾಯಿಸ್ಬೇಕು ಅಂತ ನನಗೆ ದಿನಾ ಇತ್ತು, ಮುಂದಿನ ಲಾಟು ಬರಲಿ, ಮುಂದಿನ ತಿಂಗಳು ಬರಲಿ ಅಂತ ದಿನ ತಳ್ಳಿದೆ. ಅವನು ಒಂದೇ ಒಂದ್ಸಲ ಅನುಮಾನ ಪಟ್ಟು ಕೇಳಿದ್ರೂ ಸಾಕಿತ್ತು, ಅವತ್ತೇ ಕಿತ್ಕೊಂಡು ಒಲೆಗೆ ಹಾಕ್ತಿದ್ದೆ. ಕೇಳಲೇ ಇಲ್ಲ, ಪಾಪ. ಯಾರೂ ಕೇಳಲಿಲ್ಲ...

ಯಾಕೆ ಈಗ ತಲೆ ಎತ್ತಿದೆ?

ಏನು ನೋಡ್ತಿದೀಯ ಹಾಗೆ? ಕೇಳಲಿಲ್ಲ ಅಂದೆನಲ್ಲ ನಾನು.

ನೀನು ಒಳಗಿದ್ದೆ. ಪರದೆ ಹಿಂದೆ, ಹೊಲಿಗೆ ಮೆಷಿನ್ ಮುಂದೆ. ಅಷ್ಟೊಂದು ಕರ್ಟನ್ ಬಟ್ಟೆ ರಾಶಿ ಹಾಕ್ಕೊಂಡು ಹೊಲೀತಿದ್ದೆ, ನಿನಗೆ ಕೇಳಿಸಿರೋಕೆ ಸಾಧ್ಯನೇ ಇಲ್ಲ... ಸಾಧ್ಯ ಇದೆಯಾ?

...ಸದ್ದು ನಿಂತಿತ್ತು. ಹೌದಲ್ವಾ. ಆ ಹೊತ್ತಿಗೆ ನಿನ್ನ ಮೆಷಿನ್ ಸದ್ದು ನಿಂತಿತ್ತು. ನಾನು ಗಮನ ಕೊಡ್ಲಿಲ್ಲ.

ಹಾಗಾದ್ರೆ ನಿನಗೆ ಮೊದಲಿಂದ ಗೊತ್ತಿತ್ತು. ಗೇಟಿನ ಹತ್ತಿರ ಕೇಳಿದಾಗಲೇ ಗೊತ್ತಿತ್ತು. ನನ್ನ ಬಾಯಿಂದ ಬರಲಿ ಅಂತ ಕೂತಿದ್ದೀಯ.

ಒಂದು ಭಾನುವಾರ. ಅವನು ಹೋಗೋಕೆ ನಾಲ್ಕು ತಿಂಗಳು ಮುಂಚೆ. ನಾನು ಮನೆಗೆ ಬಂದಿದ್ದೆ. ಅವನು ಎಲ್ಲಿಗೋ ಹೊರಟಿದ್ದ, ಹೆಲ್ಮೆಟ್ ಕೈಯಲ್ಲಿ ಹಿಡ್ಕೊಂಡು ಒಳಗೆಲ್ಲ ಬೆರಳಾಡಿಸ್ತಾ ಬಾಗಿಲ ಹತ್ತಿರ ನಿಂತ. ಅಕ್ಕ, ಇಲ್ಲಿ ಬಟ್ಟೆ ಮೇಲಿಂದ ಒತ್ತಿದ್ರೆ ಬೆರಳು ಒಳಕ್ಕೆ ಹೋಗುತ್ತೆ, ಬಲಗಡೆ ಹೋಗಲ್ಲ, ಎಡಗಡೆ ತೆಳುವಾಗಿದೆಯಲ್ಲ, ಇದು ಸರಿ ಇದೆಯಾ ಅಂದ. ಆ ಬೆರಳು. ಗಾಜು ತಿಕ್ಕೋ ಬೆರಳಿಗೆ ಗೊತ್ತಾಗದೇ ಇರುತ್ತಾ.

ಹೇಳಿಬಿಡಬಹುದಿತ್ತು. ತಪ್ಪಾಯ್ತು ಕಣೋ, ಬಿಸಾಕು ಅಂದಿದ್ರೆ ನಕ್ಕು ಬಿಡ್ತಿದ್ದ. ಎರಡು ದಿನ ಕದ್ದ ಮಾಲು ಅಂತ ಆಡ್ಕೋತಿದ್ದ, ಅಷ್ಟೇ. ಆದ್ರೆ ಆರನೇ ವಯಸ್ಸಿಂದ ನಾನು ಸಾಕಿದವನು, ನನ್ನ ಮಾತೇ ಕೊನೆ ಅಂತ ನಂಬಿದವನು. ಅವನ ಎದುರಿಗೆ ಸಣ್ಣವಳಾಗೋಕೆ ನನ್ನಿಂದ ಆಗ್ಲಿಲ್ಲ. ಹೆಲ್ಮೆಟ್ ಇಸ್ಕೊಂಡೆ. ಅವನು ತೋರಿಸಿದ ಜಾಗಕ್ಕೇ ಹೆಬ್ಬೆಟ್ಟು ಒತ್ತಿದೆ. ಹೋಯ್ತು ಒಳಕ್ಕೆ. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ, ನನಗೆ ಹೇಳಿಕೊಡೋಕೆ ಬರ್ತೀಯಾ ಅಂದೆ. ಸರಿಯಾಗೇ ಇದೆ, ಹಾಕ್ಕೋ ಅಂದೆ.

ಅವನು ಹಾಕ್ಕೊಂಡ. ಪರದೆ ಹಿಂದೆ ನಿನ್ನ ಮೆಷಿನ್ ಮತ್ತೆ ಶುರುವಾಯ್ತು.